ಹೋಗಿಯೂ ಹೋಗದ ನೆಗಡಿ

ನೆಗಡಿ ಬಂದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಅದು ಹೋದ ಮೇಲೆ ಗಂಟಲು, ಕಿವಿ, ಮೂಗು ಸೇರಿ ಆಡಿಸುವ ಆಟ ಮಾತ್ರ ಪಟ್ಟವರಿಗೇ ಗೊತ್ತು. ನಿಜಾಮರ ಕಾಲ. ನಾನು ರಾಯಚೂರಿನ ಅದಾಲತ್ತಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಜವಾನ.

ಗಂಟಲು

ಜ್ವರ ಬಿಟ್ಟಿತೆಂದು ಖುಷಿಯಿಂದ ಕೆಲಸಕ್ಕೆ ಹೋದೆ. ಬಾಯಿ ತೆರೆದರೆ ಬರೀ ಗಾಳಿ. ಕೂಗುವವನಿಗೆ ದನಿಯೇ ಇಲ್ಲದಿದ್ದರೆ ನೌಕರಿ ಉಳಿದೀತೇ? ಬೇವಿನ ಗಿಡದ ಕೆಳಗೆ ಕೂತಿದ್ದ ಕುರ್ಡಿ ಊರಿನ ರೈತನ ಹತ್ತಿರ ಹೋಗಿ, ಅವನ ಹೆಸರನ್ನು ಅವನ ಕಿವಿಯಲ್ಲೇ ಉಸುರಿದೆ.

ಅವನು ಸುತ್ತ ನೋಡಿ ತಾನೂ ಪಿಸುಗುಟ್ಟಿದ: "ಸಾಹೇಬ್ರು ಏನರೆ ಗುಟ್ಟು ಹೇಳಿಕಳ್ಸ್ಯಾರೇನ್ರಿ?"

ಇಲ್ಲವೆಂದು ತಲೆಯಾಡಿಸಿದೆ. ಅವನು ನಂಬಲಿಲ್ಲ. ಒಳಗೆ ಹೋಗಿ ಪಿಸುದನಿಯಲ್ಲೇ ಸಾಕ್ಷಿ ಹೇಳತೊಡಗಿದ. ಅದನ್ನು ಕಂಡು ವಕೀಲರೂ ದನಿ ತಗ್ಗಿಸಿದರು. ಮುನಸೀಫರು ಕಿವಿಯಲ್ಲಿ ಬೆರಳಾಡಿಸಿಕೊಂಡು ನನ್ನನ್ನು ಕರೆದರು.

"ನಿನ್ನ ನೆಗಡಿ ನನಗೂ ಹತ್ಯದ ನೋಡು, ಏನೂ ಕೇಳಸವಲ್ದು. ಅದಾಲತ್ ಬರ್ಖಾಸ್ತ್. ನಡಿ, ಇಬ್ರೂ ಮನಿಗಿ ಹೋಗಮು."

ಕಿವಿ

ಗಂಟಲು ಸರಿಹೋಯಿತು ಅನ್ನುವಷ್ಟರಲ್ಲಿ ಕಿವಿ ಮುಚ್ಚಿತು. ಅದೇ ಹೊತ್ತಿಗೆ ಹೆಣ್ಣು ನೋಡಲು ದೇವದುರ್ಗಕ್ಕೆ ಹೋಗಬೇಕಾಯಿತು. ಹುಡುಗನಿಗೆ ಕಿವುಡು ಅಂದರೆ ಸಂಬಂಧ ಮುರಿಯುತ್ತದೆ ಎಂದು ಅವ್ವ ಬಾಯಿಬಿಡಬೇಡ ಅಂದಿದ್ದಳು.

ಹುಡುಗಿಯ ಅಪ್ಪ ಕೇಳಿದರು: "ಹಾಡು ಬೇಕೇನ್ರಿ?"

ನನಗೆ ಹಾಲು ಅಂತ ಕೇಳಿಸಿತು. "ಬ್ಯಾಡ್ರಿ, ನನಗ ಅದರಿಂದ ಕಫ ಆಗ್ತದ" ಅಂದೆ.

ಅವ್ವ ಸೆರಗು ಬಾಯಿಗೊತ್ತಿಕೊಂಡಳು. ಹುಡುಗಿ ಮಾತ್ರ ತಲೆಯೆತ್ತಿ, ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ನಾ ಹಾಡಿದ್ರ ಯಾರಿಗೂ ಕಫ ಆಗಿಲ್ರಿ. ಅಪ್ಪಗ ತಲಿನೋವು ಬರ್ತದ, ಅಷ್ಟ."

ಅವಳಪ್ಪನೇ ಮೊದಲು ನಕ್ಕರು. ಸಂಬಂಧ ಗಟ್ಟಿಯಾಯಿತು.

ಮೂಗು

ಮದುವೆ ಮಾನ್ವಿಯಲ್ಲಿ, ಹುಡುಗಿಯ ಸೋದರಮಾವನ ಮನೆಯಂಗಳದಲ್ಲಿ. ಕಿವಿ ಇನ್ನೂ ಬಿಟ್ಟಿರಲಿಲ್ಲ, ಜೊತೆಗೆ ಮೂಗೂ ಕಟ್ಟಿತ್ತು. ತಾಳಿ ಕೈಗೆತ್ತಿಕೊಂಡೆ, ಭಾರೀ ಸೀನೊಂದು ಬಂತು. ಟಪ್ ಅಂತ ಕಿವಿ ತೆರೆಯಿತು. ಎಷ್ಟು ಹಗುರಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆ ಕಿವಿಗೆ ಮೊದಲು ಕೇಳಿದ್ದು ಹುಡುಗಿಯ ಅಜ್ಜಿಯ ದನಿ: "ಒಂಟಿ ಸೀನು. ಅಪಶಕುನ."

ಕೈ ಅಲ್ಲೇ ನಿಂತಿತು. ಮುಹೂರ್ತ ಜಾರುತ್ತಿತ್ತು. ಮದುವೆ ಮುಂದಕ್ಕೆ ಹಾಕೋಣವೇ ಎಂದು ಹಿಂದೆ ಯಾರೋ ಗುಸುಗುಸು ನಡೆಸಿದರು. ಹುಡುಗಿಯ ಮುಖ ಸಣ್ಣಗಾಯಿತು.

ಮದುವೆ ಮಾಡಿಸುತ್ತಿದ್ದ ಸ್ವಾಮಿಗಳು ಸಮಾಧಾನ ಹೇಳಿದರು: "ಇನ್ನೊಂದು ಸೀನಿದ್ರ ದೋಷ ಹೋಗ್ತದ. ಸೀನಪ್ಪಾ."

ಬೇಕೆಂದಾಗ ಸೀನು ಬರುತ್ತದೆಯೇ? ಹುಡುಗಿಯ ಅಪ್ಪ ನಶ್ಯದ ಡಬ್ಬಿ ಕೊಟ್ಟರು. ಕಟ್ಟಿದ ಮೂಗು, ನಶ್ಯ ಒಳಗೇ ಹೋಗಲಿಲ್ಲ.

"ಹಂಗಲ್ಲ, ಹಿಂಗ ಏರ್ಸಬೇಕು" ಎಂದು ಸ್ವಾಮಿಗಳು ತಾವೇ ಒಂದು ಚಿಟಿಕೆ ಏರಿಸಿ ತೋರಿಸಿದರು. ಮರುಕ್ಷಣ ಚಪ್ಪರ ನಡುಗುವಂತೆ ಸೀನಿದರು. ಕೈಯಲ್ಲಿದ್ದ ಅಕ್ಷತೆಯೆಲ್ಲ ನಮ್ಮ ತಲೆಯ ಮೇಲೆ.

ಮೂಗು ಒರೆಸಿಕೊಂಡು ಅಂದರು: "ಎರಡಾತು. ಯಾರ ಮೂಗಿಂದ ಬಂದ್ರೇನು? ಕಟ್ಟಪ್ಪಾ ತಾಳಿ ಲಗೂನ, ನನಗ ಮೂರನೇದು ಬರಾಕತ್ತದ."