ಹದಿನಾಲ್ಕನೇ ಪುಟದ ಗಂಡಸು, ಒಂಬತ್ತನೇ ಪುಟದ ಮಿರ್ಚಿ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸಕಲ ಪದಾಧಿಕಾರಿಗಳು,
ದುರ್ಗ ಸೀಮೆ ಮಿದುಳು ಗಡ್ಡೆ ಚಿಕಿತ್ಸಾ ವೈದ್ಯರ ಸಂಘ,
ಚಿತ್ರದುರ್ಗ.

ವಿಷಯ: ತಮ್ಮ ವಾರ್ಷಿಕ ವರದಿಯ ಒಂಬತ್ತನೇ ಪುಟದ ತೀರ್ಮಾನವನ್ನು ರದ್ದುಪಡಿಸುವ ಬಗ್ಗೆ, ಮತ್ತು ನನ್ನ ಗಂಡನ ಗುಣದೋಷಗಳ ಗಡಿ ಗುರುತಿಸಿಕೊಡುವ ಬಗ್ಗೆ.

ಮಾನ್ಯರೇ,

ಹೊಳಲ್ಕೆರೆ ತಾಲ್ಲೂಕು ಕಚೇರಿಯ ಎದುರು ಬೇವಿನ ಮರದಡಿ ಮೇಜು ಹಾಕಿಕೊಂಡು, ಪಹಣಿ ತಿದ್ದುಪಡಿಗೂ ಪಿಂಚಣಿಗೂ ದಾರಿ ತಕರಾರಿಗೂ ಹತ್ತೊಂಬತ್ತು ವರ್ಷಗಳಿಂದ ಊರವರ ಅರ್ಜಿ ಬರೆದುಕೊಡುತ್ತ ಬಂದಿರುವ ಹೇಮಾವತಿ ಎಂಬ ನಾನು, ತಮ್ಮ ಘನ ಸಂಘದ ಸಮಸ್ತ ವೈದ್ಯರಿಗೂ, ಅವರ ಕುಟುಂಬದವರಿಗೂ, ಪ್ರತಿ ಸಭೆಯಲ್ಲಿಯೂ ತಪ್ಪದೆ ಕೆಟ್ಟುನಿಲ್ಲುವ ತಮ್ಮ ಮೈಕಿಗೂ ಆಯುರಾರೋಗ್ಯ ಕೋರಿ ಬರೆದುಕೊಳ್ಳುವುದೇನೆಂದರೆ, ತಾವು ಕಳುಹಿಸಿದ ವಾರ್ಷಿಕ ವರದಿಯೂ ಅದರೊಳಗಿದ್ದ ವಾರ್ಷಿಕೋತ್ಸವದ ಆಮಂತ್ರಣವೂ ಕ್ಷೇಮವಾಗಿ ತಲುಪಿವೆ. ವರದಿಯ ಕಾಗದ ಎಷ್ಟು ನುಣುಪಾಗಿದೆಯೆಂದರೆ, ನಮ್ಮ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಿಕೊಡಲೂ ಅದು ಬಾರದು. ಇಷ್ಟು ಒಳ್ಳೆಯ ಕಾಗದವನ್ನು ನಾನು ಈ ತಾಲ್ಲೂಕಿನ ಯಾವ ಕಚೇರಿಯಲ್ಲೂ ಕಂಡಿಲ್ಲ.

ಹೊದಿಕೆಯ ಮೇಲೆ ದಪ್ಪಕ್ಷರಗಳಲ್ಲಿ ‘ಬೆಳವಣಿಗೆ ಮತ್ತು ಸಹಯೋಗದ ವರ್ಷ’ ಎಂದು ಅಚ್ಚು ಹಾಕಿಸಿದ್ದೀರಿ. ಅದನ್ನು ಗಟ್ಟಿಯಾಗಿ ಓದಿದಾಗ ನಮ್ಮ ಅತ್ತೆ ಬೋರಕ್ಕನವರು ಕೈಯಲ್ಲಿದ್ದ ಮೊರ ಬಿಟ್ಟು, “ಅಯ್ಯೋ ನನ್ನ ಶಿವನೆ, ಮತ್ತೆ ಬೆಳೀತಾ?” ಎಂದು ಹೊಸ್ತಿಲ ಮೇಲೆಯೇ ಕುಸಿದು ಕುಳಿತರು. ಬೆಳೆದದ್ದು ಗಡ್ಡೆಯಲ್ಲ, ಸಂಘ ಎಂದು ತಿಳಿಹೇಳಲು ನನಗೆ ಎರಡು ಲೋಟ ನೀರು ಮತ್ತು ಅರ್ಧ ಗಂಟೆ ಬೇಕಾಯಿತು. ಮಿದುಳು ಗಡ್ಡೆಯ ವಿಷಯದಲ್ಲಿ ಕೆಲಸ ಮಾಡುವ ಸಂಘವೊಂದು ಮುಂದಿನ ವರ್ಷ ಬೆಳವಣಿಗೆಯ ಬದಲು ಬೇರೆ ಯಾವುದಾದರೂ ಪದದಲ್ಲಿ ತನ್ನ ಸಂತೋಷ ಹೇಳಿಕೊಂಡರೆ ನಮ್ಮಂಥ ಮನೆಗಳಿಗೆ ಉಪಕಾರವಾದೀತು.

ಈಗ ದೂರಿಗೆ ಬರುತ್ತೇನೆ. ತಮ್ಮ ವರದಿಯ ಹದಿನಾಲ್ಕನೇ ಪುಟದಲ್ಲಿ ಹೀಗಿದೆ: ‘ಪ್ರಕರಣ ಏಳು. ಹೊಳಲ್ಕೆರೆಯ ಐವತ್ತೆರಡು ವರ್ಷದ ಗಂಡಸು. ನಾಲ್ಕೂ ತಾಲ್ಲೂಕುಗಳ ವೈದ್ಯರ ಸಕಾಲಿಕ ಸಹಯೋಗದಿಂದ ಸಂಪೂರ್ಣ ಗುಣಮುಖ.’ ಒಂಬತ್ತನೇ ಪುಟದಲ್ಲಿ ಹೀಗಿದೆ: ‘ಹೊಳಲ್ಕೆರೆ ಶಿಬಿರದಲ್ಲಿ ಸರಬರಾಜಾದ ಅಲ್ಪೋಪಹಾರವು ತೀರಾ ಕಳಪೆಯಾಗಿದ್ದು, ಇನ್ನು ಮುಂದೆ ಸ್ಥಳೀಯ ಅಂಗಡಿಗಳಿಂದ ಮಿರ್ಚಿ ತರಿಸದೆ ಬಿಸ್ಕತ್ತನ್ನೇ ಹಂಚತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಹದಿನಾಲ್ಕನೇ ಪುಟದ ಆ ಗಂಡಸು ನನ್ನ ಗಂಡ ಏಕಾಂತಪ್ಪ. ಒಂಬತ್ತನೇ ಪುಟದ ಆ ಕಳಪೆ ಮಿರ್ಚಿ ಕರಿದವರೂ ಅವರೇ. ಇಷ್ಟು ಜನ ಕೂಡಿ ಒಂದು ತಲೆಯ ಒಳಗನ್ನೆಲ್ಲ ನೋಡಿದ ತಾವು, ಐದು ಪುಟಗಳ ಅಂತರದಲ್ಲಿರುವ ಒಬ್ಬನೇ ಮನುಷ್ಯನನ್ನು ಗುರುತಿಸಲಾರದೆ ಹೋದಿರಲ್ಲ ಎಂಬುದೇ ನನ್ನ ಮೊದಲ ಅಚ್ಚರಿ.

ನನ್ನ ಗಂಡ ಮೊದಲಿನಿಂದ ಹಾಗೆ ಕಳಪೆ ಕರಿಯುವವರಾಗಿರಲಿಲ್ಲ. ಬಸ್ ನಿಲ್ದಾಣದ ಪಕ್ಕದ ನಮ್ಮ ಅಂಗಡಿಗೆ ಜನ ಮಂಡಕ್ಕಿ-ಮಿರ್ಚಿಗೆ ಬರುತ್ತಿದ್ದರೋ ಅವರ ಮಾತಿಗೆ ಬರುತ್ತಿದ್ದರೋ ಹೇಳುವುದು ಕಷ್ಟವಿತ್ತು. ಮೂರು ಮನೆ ಆಚೆ ಸಾರು ತಳ ಹಿಡಿದರೆ ಇಲ್ಲಿಂದಲೇ, “ಚಂದ್ರಕ್ಕಾ, ಒಲೆ ಕಡೆ ನೋಡ್ರಿ!” ಎಂದು ಕೂಗುತ್ತಿದ್ದರು. ಎಣ್ಣೆ ಒಂದು ಸಲ ಹೆಚ್ಚಿಗೆ ಕಾದರೆ ಅದನ್ನು ಚೆಲ್ಲಿ, ನನ್ನನ್ನೂ ಎಣ್ಣೆ ಅಂಗಡಿಯವನನ್ನೂ ಒಂದೇ ಉಸಿರಿನಲ್ಲಿ ಬೈದು, ಮತ್ತೆ ಬಾಣಲೆ ಇಡುತ್ತಿದ್ದರು. ನಾವು ದಿನಕ್ಕೆ ಎರಡು ಸಲವಾದರೂ ಜಗಳವಾಡುತ್ತಿದ್ದೆವು. ನನ್ನ ಅರ್ಜಿಗಳಲ್ಲಿರುವ ವಾದದ ಬಿಗಿ ಅಲ್ಲಿಯೇ ಕಲಿತದ್ದು.

ಅಂಥವರು ಮೂರು ವರ್ಷಗಳಲ್ಲಿ ಒಂದೊಂದಾಗಿ ಎಲ್ಲ ಬಿಟ್ಟರು. ಮೊದಲು ಮಾತು ಬಿಟ್ಟರು, ಆಮೇಲೆ ಜಗಳ ಬಿಟ್ಟರು, ಕೊನೆಗೆ ಸ್ನಾನ ಬಿಟ್ಟರು. ಎಣ್ಣೆ ಹೊಗೆಯೆದ್ದರೂ ಅದರ ಮುಂದೆ ಸುಮ್ಮನೆ ನಗುತ್ತ ಕುಳಿತಿರುತ್ತಿದ್ದರು. ಅತ್ತೆ ದೃಷ್ಟಿಯಾಗಿದೆ ಎಂದರು. ನಾನು ಸೋಮಾರಿತನ ಎಂದೆ. ಒಂದು ಮಧ್ಯಾಹ್ನ ಸಿಲಿಂಡರಿನ ಪೈಪು ಸಡಿಲಾಗಿ ಬೀದಿಯೆಲ್ಲ ಗ್ಯಾಸಿನ ವಾಸನೆ ತುಂಬಿತ್ತು. ಅವರು ಕಡ್ಡಿಪೆಟ್ಟಿಗೆ ಹಿಡಿದು ಒಲೆಯ ಮುಂದೆ ಬಗ್ಗಿದ್ದರು. ಚಂದ್ರಕ್ಕ ಓಡಿಬಂದು ಪೆಟ್ಟಿಗೆ ಕಿತ್ತುಕೊಂಡರು. ನಾನು ಮೇಜಿನಿಂದ ಓಡಿಬಂದು, “ರೀ, ಮೂಗು ಐತೋ ಇಲ್ಲವೋ ನಿಮಗೆ?” ಎಂದು ಕಿರುಚಿದೆ. ಅವರು ಮೂಗನ್ನು ಮುಟ್ಟಿ ನೋಡಿಕೊಂಡು, ಶಾಂತವಾಗಿ, “ಐತೆ” ಎಂದರು.

ಅದೇ ವಾರ ನಾನು ನನಗಾಗಿ ಮೊದಲ ಅರ್ಜಿ ಬರೆದುಕೊಂಡೆ. ಅವರಿಂದ ಬೇರೆಯಾಗಲು ವಕೀಲರಿಗೆ ಕೊಡಬೇಕಾದ ಹೇಳಿಕೆ, ನಾಲ್ಕು ಪುಟ, ಹದಿನೇಳು ದೂರುಗಳು. ಬರೆದು ಮೇಜಿನ ಖಾನೆಯಲ್ಲಿಟ್ಟೆ. ವಕೀಲರು ಮದುವೆಗೆಂದು ಊರಿಗೆ ಹೋಗಿದ್ದರು, ಬರುವುದು ಸೋಮವಾರವಾಗಿತ್ತು. ತಮ್ಮ ಶಿಬಿರ ನಮ್ಮೂರ ಸಮುದಾಯ ಭವನದಲ್ಲಿ ಅದರ ಹಿಂದಿನ ಶನಿವಾರ ನಡೆಯಿತು. ಮಾನ್ಯರೇ, ತಾವು ಸಕಾಲಿಕ ಎಂಬ ಪದ ಬಳಸಿದ್ದೀರಿ. ಎಷ್ಟು ಸಕಾಲಿಕ ಎಂಬುದು ತಮಗೆ ತಿಳಿದಿರಲಾರದು.

ಶಿಬಿರಕ್ಕೆ ಇನ್ನೂರು ಪ್ಲೇಟ್ ಮಿರ್ಚಿ ನಮ್ಮ ಅಂಗಡಿಯಿಂದಲೇ ಹೋಯಿತು. ತಮ್ಮಲ್ಲಿ ನೂರಾ ತೊಂಬತ್ತೊಂಬತ್ತು ಮಂದಿ ಒಂದು ತುಂಡು ಕಚ್ಚಿ, ಮುಖ ಕಿವುಚಿ, ಪ್ಲೇಟನ್ನು ಕುರ್ಚಿಯ ಕೆಳಗೆ ತಳ್ಳಿದಿರಿ. ಹೊಸದುರ್ಗದಿಂದ ಬಂದಿದ್ದ ಡಾಕ್ಟರ್ ಸುಮಾ ಒಬ್ಬರೇ ಪ್ಲೇಟ್ ಹಿಡಿದುಕೊಂಡು ಭವನದ ಹಿಂದಿನ ಅಡುಗೆ ಕೋಣೆಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಸೆರಗು ಬಿಗಿದು ನಿಂತೆ. ಅವರು ಬಾಣಲೆ ನೋಡಿದರು, ಹೊಗೆ ನೋಡಿದರು, ಆ ಹೊಗೆಯ ನಡುವೆ ನಗುತ್ತ ಕುಳಿತವರನ್ನು ನೋಡಿದರು. ಇಂಗಿನ ಡಬ್ಬಿಯ ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದರು.

“ಯಜಮಾನ್ರೇ, ಇದೇನು ಹೇಳ್ರಿ?”

“ಡಬ್ಬಿ ಮೇಡಂ.”

“ಕಣ್ಣು ಮುಚ್ಕೊಂಡು ಹೇಳ್ರಿ.”

“ಕಣ್ಣು ಮುಚ್ಚಿದ್ರೆ ಡಬ್ಬಿ ಕಾಣಲ್ಲ ಮೇಡಂ.”

ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಡಾಕ್ಟರ್ ನಗಲಿಲ್ಲ. ನನ್ನ ಕಡೆ ತಿರುಗಿ, “ಅಕ್ಕಾ, ಇವರು ಯಾವಾಗಿಂದ ಹಿಂಗಿದಾರೆ?” ಎಂದು ಕೇಳಿದರು. “ಮದುವೆ ಆದಾಗಿಂದ” ಎಂದೆ. ಮತ್ತೆ ಎಲ್ಲರೂ ನಕ್ಕರು. ಅವರು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದರು. ಆಗ ನಾನು ಬೆರಳು ಮಡಿಚಿ ವರ್ಷ ಎಣಿಸತೊಡಗಿದೆ. ಅಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಮುಂದಿನದು ತಮ್ಮ ಸಹಯೋಗದ ಕಥೆ, ಅದನ್ನು ಹೊಗಳಲು ನನ್ನ ಪದಗಳು ಸಾಲವು. ದುರ್ಗದಲ್ಲಿ ಸ್ಕ್ಯಾನ್ ಆಯಿತು. ಹಣೆಯ ಹಿಂದೆ, ವಾಸನೆಯ ನರದ ಮೇಲೆ ಕುಳಿತು ಕಣ್ಣಿನ ನರವನ್ನೂ ಒತ್ತುತ್ತಿದ್ದ ಗಡ್ಡೆ, ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಕಣ್ಣು ಹೋಗುತ್ತದೆ, ಆಮೇಲೆ ಜೀವ ಎಂದರು. ಕಣ್ಣು ಎಷ್ಟು ಉಳಿದಿದೆ ಎಂದು ನೋಡಲು ಹಿರಿಯೂರಿನ ಡಾಕ್ಟರ್ ಪ್ರದೀಪ್ ಅವರಲ್ಲಿಗೆ ಕಳುಹಿಸಿದಿರಿ. ನಾವು ಹಿರಿಯೂರು ತಲುಪಿದಾಗ ಸ್ಕ್ಯಾನಿನ ಫಿಲಂ ಬಸ್ ಕಂಡಕ್ಟರ್ ಕೈಯಲ್ಲಿ ಹೊಸದುರ್ಗಕ್ಕೆ ಹೋಗಿತ್ತು. ನಾವು ಹೊಸದುರ್ಗಕ್ಕೆ ಹೋದಾಗ ಅದು ನಮ್ಮನ್ನು ಹುಡುಕಿಕೊಂಡು ಹೊಳಲ್ಕೆರೆಗೆ ಬಂದಿತ್ತು. ನನ್ನ ಗಂಡನ ತಲೆಯ ಚಿತ್ರ ಈ ಜಿಲ್ಲೆಯನ್ನು ಸುತ್ತಿದಷ್ಟು ನನ್ನ ಗಂಡ ಸುತ್ತಿಲ್ಲ. ಗಡ್ಡೆಯ ಗಾತ್ರವನ್ನು ಹಿರಿಯೂರಿನವರು ದೊಡ್ಡ ನಿಂಬೆಹಣ್ಣು ಎಂದರು, ದುರ್ಗದವರು ಮೋಸಂಬಿ ಎಂದರು. ಅದು ಎರಡು ಊರುಗಳ ನಡುವೆ ಬೆಳೆಯಿತೋ, ಹಣ್ಣಿನ ಅಳತೆಯೇ ಬೇರೆಯೋ ಎಂದು ತಿಳಿಯದೆ ನಾನು ಬಸ್ಸಿನಲ್ಲಿ ಕುಳಿತು ಅತ್ತಿದ್ದೇನೆ. ನಾಲ್ಕೂ ತಾಲ್ಲೂಕಿಗೆ ಒಂದೇ ಹಣ್ಣನ್ನು ಗೊತ್ತುಪಡಿಸಬೇಕಾಗಿ ವಿನಂತಿ.

ಹಿರಿಯೂರಿನಲ್ಲಿ ಕಣ್ಣಿನ ಪರೀಕ್ಷೆ ಮುಗಿದ ಮೇಲೆ ಬಸ್ಸಿಗೆ ಹೊತ್ತಿತ್ತು. ಅವರನ್ನು ಮಾರಿಕಣಿವೆ ಅಣೆಕಟ್ಟೆಗೆ ಕರೆದುಕೊಂಡು ಹೋದೆ. ಮದುವೆಯಾದ ಹೊಸದರಲ್ಲಿ ಅಲ್ಲಿ ನಿಂತು, ಕಟ್ಟೆಯ ಒಂದೊಂದು ಕಲ್ಲೂ ಹೇಗೆ ಬಂತು ಎಂದು ಕಣ್ಣಾರೆ ಕಂಡವರಂತೆ ಎರಡು ಗಂಟೆ ಸುಳ್ಳು ಹೇಳಿದ್ದ ಮನುಷ್ಯ. “ಹೆಂಗೈತ್ರಿ?” ಎಂದು ಕೇಳಿದೆ. “ನೀರೈತೆ” ಎಂದರು. ಅಷ್ಟೇ. ಆ ಮೂರಕ್ಷರದ ಉತ್ತರ ಕೇಳಿದಾಗ ನನಗೆ ಗಡ್ಡೆ ಎಷ್ಟು ದೊಡ್ಡದೆಂದು ಮೊದಲ ಬಾರಿ ಅರ್ಥವಾಯಿತು.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ತಮ್ಮ ಸರ್ಜನ್ ಡಾಕ್ಟರ್ ರಘುನಾಥ್ ಎಲ್ಲ ಅಪಾಯಗಳನ್ನೂ ಹೇಳಿ ಸಹಿ ಕೇಳಿದರು. ಎಷ್ಟೋ ಜನರ ಕಾಗದಕ್ಕೆ ಸಹಿ ಎಲ್ಲಿ ಎಂದು ತೋರಿಸಿಕೊಟ್ಟ ನನಗೆ ನನ್ನ ಸಹಿ ಎಲ್ಲಿ ಹಾಕಬೇಕೆಂದು ತೋಚಲಿಲ್ಲ, ನರ್ಸ್ ಬೆರಳಿಟ್ಟು ತೋರಿಸಿದರು. ನನ್ನ ಗಂಡ ಮಾತ್ರ, “ಮಧ್ಯಾಹ್ನ ಊಟಕ್ಕೆ ಬಿಡ್ತಾರಾ?” ಎಂದು ಕೇಳಿ ಒಳಗೆ ಹೋದರು. ಏಳು ಗಂಟೆ ಹೊರಗೆ ಕುಳಿತೆ. ಖಾನೆಯಲ್ಲಿದ್ದ ಹದಿನೇಳು ದೂರುಗಳೂ ಬಾಯಿಪಾಠವಾಗಿದ್ದವು. ಒಂದೊಂದನ್ನೂ ನೆನೆಸಿಕೊಂಡು, ಇದು ಅವರದೋ ಗಡ್ಡೆಯದೋ ಎಂದು ಕೇಳಿಕೊಂಡೆ. ದೂರಿನ ಅರ್ಜಿಯಲ್ಲಿ ಇದನ್ನು ಬರೆಯಬಾರದೇನೋ, ಆದರೆ ರೋಗದಲ್ಲಿದ್ದವರನ್ನು ಮೂರು ವರ್ಷ ಬೈದವಳು ನಾನು. ಅದಕ್ಕೆ ತಮ್ಮ ಸಂಘದಲ್ಲಿ ಯಾವ ವಿಭಾಗವೂ ಇಲ್ಲ.

ಮೂರನೇ ದಿನ ವಾರ್ಡಿನಲ್ಲಿ ಟೀ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಅವರು, “ಇದಕ್ಕೆ ಟೀ ಅಂತಾರೇನೇ? ಯಾವನು ಕಾಸಿದ್ದು ಇದನ್ನ? ಕರಿ ಅವನ್ನ!” ಎಂದರು. ನಾನು ಎಷ್ಟು ಜೋರಾಗಿ ಅತ್ತೆನೆಂದರೆ, ನರ್ಸ್ ಓಡಿಬಂದು ಅವರ ನಾಡಿ ಹಿಡಿದರು. ಅವರು ನರ್ಸನ್ನೂ ಟೀ ವಿಷಯ ವಿಚಾರಿಸಿದರು.

ಅಲ್ಲಿಂದ ಶುರುವಾಯಿತು ನನ್ನ ನಿಜವಾದ ಕಷ್ಟ. ತಾವು ಹಿಂದಿರುಗಿಸಿದ ಗಂಡ ಮೂರು ವರ್ಷದ ಮಾತನ್ನು ಬಡ್ಡಿ ಸಮೇತ ಆಡುತ್ತಿದ್ದಾರೆ. ಆ ಮೂರು ವರ್ಷ ಮನೆಯಲ್ಲಿ ಎಲ್ಲ ತೀರ್ಮಾನ ನನ್ನದೇ ಆಗಿತ್ತು, ಈಗ ಪ್ರತಿಯೊಂದಕ್ಕೂ ಕಾರಣ ಕೇಳುತ್ತಾರೆ. ಒಂದು ದಿನ ಪೆನ್ನು ಹುಡುಕುತ್ತ ಖಾನೆ ತೆಗೆದು ಆ ಹೇಳಿಕೆಯನ್ನೂ ಓದಿಬಿಟ್ಟರು. ನಾಲ್ಕೂ ಪುಟ ಓದಿ, ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಆಮೇಲೆ, “ಬರ್ದಿರೋದು ಚೆನ್ನಾಗೈತೆ. ನಾನಾಗಿದ್ರೂ ಬಿಟ್ಟು ಹೋಗ್ತಿದ್ದೆ ಬಿಡು” ಎಂದರು. ಆಮೇಲೆ, “ಆದ್ರೆ ಹನ್ನೊಂದನೇದು, ಗೊರಕೆ ಅಂತ ಬರ್ದೀಯಲ್ಲ, ಅದು ನಂದಲ್ಲ, ಗಡ್ಡೆದು” ಎಂದರು. ಗೊರಕೆ ಮದುವೆಯ ವಾರದಿಂದ ಇದೆ, ಅತ್ತೆ ಸಾಕ್ಷಿ ಇದ್ದಾರೆ. ಅಂದಿನಿಂದ ಬಟ್ಟೆ ಒಣಹಾಕಲು ಮರೆತದ್ದು, ನನ್ನ ತಂಗಿಯ ಗೃಹಪ್ರವೇಶಕ್ಕೆ ತಡವಾಗಿ ಬಂದದ್ದು, ಇಪ್ಪತ್ತು ವರ್ಷದ ಹಿಂದೆ ನನ್ನ ಟಿಫಿನ್ ಡಬ್ಬಿ ಕಳೆದದ್ದು, ಎಲ್ಲವೂ ಗಡ್ಡೆಯ ಲೆಕ್ಕಕ್ಕೆ ಹೋಗುತ್ತಿದೆ. ಆದ್ದರಿಂದ ತಮ್ಮ ಸಂಘ ನಾಲ್ಕೂ ತಾಲ್ಲೂಕಿನ ವೈದ್ಯರ ಸಹಿಯೊಂದಿಗೆ, ಯಾವ ದೋಷ ಯಾವ ತಾರೀಖಿನವರೆಗೆ ಗಡ್ಡೆಯದು, ಅಲ್ಲಿಂದಾಚೆ ಯಾವುದು ಗಂಡನದು ಎಂದು ಗಡಿಕಲ್ಲು ನೆಟ್ಟಂತೆ ಸ್ಪಷ್ಟಪಡಿಸುವ ಪ್ರಮಾಣಪತ್ರ ನೀಡಬೇಕು. ಗೊರಕೆಯ ಬಗ್ಗೆ ಪ್ರತ್ಯೇಕ ಕಾಗದ ಕೊಟ್ಟರೂ ಸರಿ.

‘ಸಂಪೂರ್ಣ ಗುಣಮುಖ’ ಎಂಬುದನ್ನೂ ತಿದ್ದಬೇಕು. ಕಣ್ಣು ಉಳಿಯಿತು, ಮಾತು ಬಂತು, ವಾಸನೆ ಬರಲಿಲ್ಲ. ಬರುವುದಿಲ್ಲ ಎಂದು ಡಾಕ್ಟರ್ ಸುಮಾ ಮುಚ್ಚಿಡದೆ ಹೇಳಿದರು. ಅದಕ್ಕಾಗಿ ನಾನು ಬೇವಿನ ಮರ ಬಿಟ್ಟು ನನ್ನ ಮೇಜನ್ನು ಬಾಣಲೆಯ ಪಕ್ಕಕ್ಕೇ ತಂದುಕೊಂಡಿದ್ದೇನೆ. ಅರ್ಜಿ ಬರೆಯುತ್ತಲೇ, “ಎಣ್ಣೆ ಆಯ್ತು ನೋಡ್ರಿ” ಎನ್ನುತ್ತೇನೆ. ಅವರು, “ಗೊತ್ತೈತೆ, ಸದ್ದು ಕೇಳ್ತೈತೆ” ಎನ್ನುತ್ತಾರೆ. ಗೊತ್ತಿರುವುದಿಲ್ಲ. ಮೊನ್ನೆ ಎಣ್ಣೆ ಕಲೆಯ ಕಾರಣದಿಂದ ಒಂದು ಪಹಣಿ ಅರ್ಜಿ ವಾಪಸ್ಸು ಬಂತು, ಬರೆಸಿದವರು ಮಾತ್ರ ಮಿರ್ಚಿ ಚೆನ್ನಾಗಿದೆ ಎಂದು ಹೇಳಿ ಹೋದರು.

ಹೀಗಿರುವುದರಿಂದ ಘನ ಸಂಘವು ಒಂಬತ್ತನೇ ಪುಟದ ತೀರ್ಮಾನವನ್ನು ಸರ್ವಾನುಮತದಿಂದಲೇ ಹಿಂತೆಗೆದುಕೊಂಡು, ತಮ್ಮ ಸಹಯೋಗಿಗಳ ಪಟ್ಟಿಯಲ್ಲಿ ಆ ಸೀದ ಮಿರ್ಚಿಗೂ ಒಂದು ಸಾಲು ಕೊಡಬೇಕೆಂದೂ, ಅದನ್ನು ಕುರ್ಚಿಯ ಕೆಳಗೆ ತಳ್ಳದ ಡಾಕ್ಟರ್ ಸುಮಾ ಅವರ ಹೆಸರನ್ನು, ಈಗ ಮುದ್ರಿಸಿರುವಂತೆ ‘ಇತರರು’ ಎಂಬುದರ ಒಳಗಿಡದೆ, ಮೊದಲ ಪುಟದಲ್ಲಿ ಹಾಕಬೇಕೆಂದೂ ಕೋರುತ್ತೇನೆ. ಆಮಂತ್ರಣದಲ್ಲಿ ಹೇಳಿರುವಂತೆ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿಕೊಳ್ಳಲು ನಾವಿಬ್ಬರೂ ಬರುತ್ತೇವೆ. ಪ್ರಕರಣ ಏಳು ಎಂದು ಮೈಕಿನಲ್ಲಿ ಕರೆದರೆ ಅವರು ಏಳುವುದಿಲ್ಲ, ಏಕಾಂತಪ್ಪನವರೇ ಎಂದು ಕರೆದರೆ ಏಳುತ್ತಾರೆ. ಎದ್ದ ಮೇಲೆ ಭಾಷಣ ನಿಲ್ಲಿಸುವ ಹೊಣೆ ಸಂಘದ್ದು.

ಕೋಪವಿದ್ದರೂ ಕೃತಜ್ಞತೆ ಅದಕ್ಕಿಂತ ಒಂದು ತೂಕ ಹೆಚ್ಚಿರುವ,

ತಮ್ಮ ವಿಶ್ವಾಸಿ,
ಹೇಮಾವತಿ,
ಅರ್ಜಿ ಬರಹಗಾರರು, ಹೊಳಲ್ಕೆರೆ

ಮರೆತ ಮಾತು: ವಾರ್ಷಿಕೋತ್ಸವಕ್ಕೆ ಬರುವುದನ್ನು ತಿಳಿಸಲು ವರದಿಯ ಹಿಂಬದಿಯಲ್ಲಿ ತಾವು ಮುದ್ರಿಸಿರುವ ಸಹಾಯವಾಣಿಗೆ ಫೋನ್ ಮಾಡಿದೆ. ಅದು ಹಿರಿಯೂರಿನ ಹನುಮೇಶ್ ಎಂಬವರ ಪಂಕ್ಚರ್ ಅಂಗಡಿ. ಒಂದು ಅಂಕಿ ತಪ್ಪಾಗಿದೆಯಂತೆ. ಅವರು ನನ್ನ ಮಾತು ಮುಗಿಯುವ ಮೊದಲೇ, “ತಲೆನೋವಾ, ಕಣ್ಣು ಮಂಜಾ, ಬೆಳಿಗ್ಗೆ ವಾಂತಿನಾ? ಯಾವೂರಮ್ಮ ನಿಮ್ದು? ಹೊಸದುರ್ಗದ ಕಡೆ ಆದ್ರೆ ಗುರುವಾರ ಸುಮಾ ಮೇಡಂ ಸಿಗ್ತಾರೆ, ಹಳೇ ಚೀಟಿ ತಗಂಡು ಹೋಗ್ರಿ” ಎಂದರು. ತಮ್ಮ ಶಿಬಿರಗಳ ಚೀಟಿಯಲ್ಲೂ ಇದೇ ನಂಬರು ಇರುವುದರಿಂದ ಹನ್ನೊಂದು ತಿಂಗಳಿಂದ ಹೀಗೇ ದಾರಿ ಹೇಳುತ್ತಿದ್ದಾರಂತೆ. ಸಂಘ ನಂಬರನ್ನು ತಿದ್ದಲೂಬಹುದು, ಹನುಮೇಶ್ ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳಲೂಬಹುದು. ನಮ್ಮನ್ನು ಕೇಳಿದರೆ ಎರಡನೆಯದೇ ವಾಸಿ. ಅವರು ಮೊದಲ ರಿಂಗಿಗೇ ಫೋನ್ ಎತ್ತುತ್ತಾರೆ.