ಗಾಳಿ ಬೇಡದ ಚಕ್ರದ ಪಜೀತಿಗಳು

ಬೇರೆಯವರ ವರ್ಕ್‌ಶಾಪಿನಲ್ಲಿ ಕೆಲಸ ನಡೆಯುತ್ತದೆ. ನಮ್ಮಲ್ಲಿ ಪಜೀತಿ ನಡೆಯುತ್ತದೆ. ನಡುವೆ ಬಿಡುವು ಸಿಕ್ಕಾಗ ಒಂದಿಷ್ಟು ಕೆಲಸವೂ ಆಗುತ್ತದೆ. ಬಿಡದಿಯ ಹತ್ತಿರ ನನ್ನದೂ ವೆಲ್ಡಿಂಗ್ ಮಾಡುವ ನಮ್ಮ ಭಾಯಿಯದೂ ಸೇರಿ ಒಂದು ತಗಡಿನ ಶೆಡ್ಡಿದೆ. ಮೊದಲು ಗೇಟು, ಕಿಟಕಿ ಗ್ರಿಲ್ಲು ಮಾಡುತ್ತಿದ್ದೆವು. ಆ ಕೆಲಸ ಕಮ್ಮಿಯಾಗಿ ಶೆಡ್ಡು ಮುಚ್ಚುವ ಮಾತು ಬಂದಾಗ, ಒಂದು ಕಂಪನಿಯವರು ಗಾಳಿ ಇಲ್ಲದ ಟೈರಿಗೆ ಒಳಗಿನ ಪಂಜರ ಮಾಡಿಕೊಡುತ್ತೀರಾ ಎಂದು ಕೇಳಿದರು. ಟ್ಯೂಬಿಲ್ಲ, ಗಾಳಿಯಿಲ್ಲ. ಹೊರಗೆ ರಬ್ಬರು, ಒಳಗೆ ಒಂದು ದೊಡ್ಡದು ಒಂದು ಚಿಕ್ಕದು ಎರಡು ಉಕ್ಕಿನ ಬಳೆ, ನಡುವೆ ಬಿಲ್ಲಿನ ಹಾಗೆ ಬಾಗಿದ ಸ್ಪ್ರಿಂಗ್ ಪಟ್ಟಿಗಳು. ಗುಂಡಿ ಸಿಕ್ಕರೆ ಪಟ್ಟಿ ಬಗ್ಗುತ್ತದೆ, ದಾಟಿದ ಮೇಲೆ ಮೊದಲಿನಂತಾಗುತ್ತದೆ. ನಮ್ಮ ಸ್ಯಾಂಪಲ್ ಪಾಸಾದರೆ ಶೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಹೀಗೆ ಶುರುವಾಯಿತು.

ಮೊದಲ ಆರ್ಡರು

ಉಕ್ಕು ಮುಟ್ಟುವ ಮೊದಲು ನಮ್ಮ ಡಿಸೈನನ್ನು ಕಂಪನಿಯವರಿಗೆ ತೋರಿಸಬೇಕಿತ್ತು. ಕಾಗದದ ಮೇಲೆ ಬರೆದದ್ದು ನಮಗೇ ಅರ್ಥವಾಗುತ್ತಿರಲಿಲ್ಲ. ಭಾಯಿಯ ಮನೆತನ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರದು. ಅವನ ಅಬ್ಬಾನಿಗೆ ಹೇಳಿ ಮರದಲ್ಲೊಂದು ಮಾದರಿ ಮಾಡಿಸಿದೆವು. ಬಣ್ಣ ಬೇಡ, ಬರೀ ಮರ ಸಾಕು ಎಂದು ಸಾರಿ ಸಾರಿ ಹೇಳಿದ್ದೆವು. ಮುದುಕ ತಲೆಯಾಡಿಸಿದ್ದ. ಆದರೆ ಜೀವಮಾನವೆಲ್ಲ ಅರಗಿನ ಬಣ್ಣ ಹಚ್ಚಿದ ಕೈ ಸುಮ್ಮನಿರುತ್ತದೆಯೇ? ಮೀಟಿಂಗಿನ ದಿನ ಡಬ್ಬ ತೆಗೆದರೆ ಕೆಂಪು, ಹಳದಿ, ಹಸಿರು ಪಟ್ಟಿಗಳು ಪಳಪಳ ಹೊಳೆಯುತ್ತಿವೆ. ಸಾಲದ್ದಕ್ಕೆ ಎಳೆಯುವುದಕ್ಕೊಂದು ದಾರ.

ಮುಗೀತು ಕಥೆ ಎಂದು ನಾನು ಭಾಯಿಯ ಮುಖ ನೋಡಿದೆ, ಅವನು ನೆಲ ನೋಡಿದ. ಪರೀಕ್ಷೆ ಮಾಡುವ ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರು, ಮೇಜಿನ ಮೇಲೆ ಉರುಳಿಸಿದರು, ದಾರ ಹಿಡಿದು ಎಳೆದೂ ನೋಡಿದರು. ಡಿಸೈನ್ ಒಪ್ಪಿಗೆ, ಉಕ್ಕಿನಲ್ಲಿ ಮಾಡಿ ಎಂದರು. ನಾವು ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ ಕರೆದರು.

"ಉಕ್ಕಿಂದು ನಿಧಾನವಾಗಿ ಆಗಲಿ. ಇಂಥದ್ದು ಇನ್ನೊಂದು ಮಾತ್ರ ಬೇಗ ಬೇಕು. ಮೊಮ್ಮಗಳ ಹುಟ್ಟಿದ ಹಬ್ಬ ಇದೆ."

ಮಾಗಡಿ ರಸ್ತೆಯ ಮರುಕ

ಮೊದಲು ಮಾಡಿದ ಚಕ್ರಗಳನ್ನು ನಮ್ಮದೇ ಲಗೇಜ್ ಆಟೋಗೆ ಜೋಡಿಸಿ ಮಾಗಡಿ ಕಡೆ ಹೊರಟೆವು. ಸಾವನದುರ್ಗದ ಸುತ್ತಲಿನ ಕಲ್ಲು ದಾರಿ ತಡೆದುಕೊಂಡರೆ ಎಲ್ಲಿ ಬೇಕಾದರೂ ಓಡುತ್ತದೆ ಎಂಬುದು ಲೆಕ್ಕ. ದಾರಿಯುದ್ದಕ್ಕೂ ಜನ ಕೈ ಅಡ್ಡ ಹಾಕಿ, ಗಾಳಿ ಹೋಗೈತೆ ನೋಡ್ಕಳಿ ಎಂದು ಎಚ್ಚರಿಸುತ್ತಿದ್ದರು. ನಮ್ಮ ಜನ ಒಳ್ಳೆಯವರು, ಅದೇ ತೊಂದರೆ.

ಒಂದು ಊರಿನ ಮುಂದೆ ರೈತರೊಬ್ಬರು ಆಟೋ ನಿಲ್ಲಿಸಿಯೇ ಬಿಟ್ಟರು. ಟೈರಿನ ಪಕ್ಕದಲ್ಲಿ ಕೂತು, ಪಟ್ಟಿಗಳ ನಡುವೆ ಬೆರಳು ತೂರಿಸಿ ನೋಡಿದರು. ಇದಕ್ಕೆ ಗಾಳಿಯೇ ಬೇಡ, ಇರೋದೇ ಹೀಗೆ ಎಂದು ನಾನು ವಿವರಿಸಿದೆ. ಅವರು ಎದ್ದು ಕೈ ಒರೆಸಿಕೊಂಡರು. ಆಮೇಲೆ ತೋಟಕ್ಕೆ ಹೋಗಿ ಎಳನೀರು ತಂದು ಇಬ್ಬರಿಗೂ ಕೊಟ್ಟು, ಹೆಗಲ ಮೇಲೆ ಕೈಯಿಟ್ಟರು.

"ಕುಡೀರಪ್ಪ. ಟೈರ್ ಹಾಕ್ಸಕ್ಕೂ ಆಗ್ದಂಗೆ ಕಷ್ಟ ಬಂದದೆ ಅಂತ ನಾಚ್ಕಬ್ಯಾಡಿ. ಎಲ್ಲಾರ್ಗೂ ಬತ್ತದೆ."

ಆ ಎಳನೀರಿನ ಋಣ ನಮ್ಮ ಮೇಲೆ ಇನ್ನೂ ಇದೆ. ನಿಜ ಒಪ್ಪಿಸಲು ಮಾತ್ರ ಆಗಲೇ ಇಲ್ಲ.

ಪಕ್ಕದ ಅಂಗಡಿ

ನಮ್ಮ ಶೆಡ್ಡಿಗೆ ಅಂಟಿಕೊಂಡೇ ಪಂಕ್ಚರ್ ಅಂಗಡಿ. ನಾವು ಮಾಡುತ್ತಿರುವುದೇನು ಎಂದು ಗೊತ್ತಾದ ದಿನದಿಂದ ಅಂಗಡಿಯಣ್ಣ ಮಾತು ಬಿಟ್ಟ. ಜೊತೆಗೆ ಕುಡಿಯುತ್ತಿದ್ದ ಟೀ ಬಿಟ್ಟ. ಭಾಯಿ ಹೋಗಿ ಮಾತಾಡಿಸಿದರೆ, ಪಕ್ಕದಲ್ಲೇ ಕೂತ್ಕಂಡು ನನ್ ಹೊಟ್ಟೆಗ್ ಕಲ್ ಹಾಕ್ತಾವ್ರೆ ಎಂದು ಗಾಳಿ ಹೊಡೆಯುವ ಮೆಷಿನ್ನಿಗೆ ಹೇಳಿದನಂತೆ. ನನಗೂ ಸಂಕಟವಾಯಿತು. ನಮ್ಮ ಶೆಡ್ಡು ಶುರುವಾದಾಗ ಕರೆಂಟು ಕೊಟ್ಟವನು ಅವನೇ.

ಮಾಗಡಿಯಿಂದ ಬಂದ ಮೇಲೆ ಆಟೋ ನಿಲ್ಲಿಸಲು ಜಾಗವಿಲ್ಲದೆ ಅವನ ಅಂಗಡಿ ಮುಂದೆ ನಿಲ್ಲಿಸಿದೆವು. ಹೋಗುವವರು ಬರುವವರೆಲ್ಲ ನಿಂತು ನೋಡತೊಡಗಿದರು. ನೋಡಿದವರಿಗೆಲ್ಲ ತಮ್ಮ ಟೈರಿನ ಮೇಲೆ ಅನುಮಾನ ಬಂದು, ಅಣ್ಣ ನಂದೂ ಒಸಿ ಗಾಳಿ ಚೆಕ್ ಮಾಡು ಎಂದು ಸಾಲುಗಟ್ಟಿದರು. ವಾರ ಕಳೆಯುವುದರೊಳಗೆ ಅಣ್ಣ ತಾನೇ ಟೀ ಹಿಡಿದುಕೊಂಡು ಬಂದ.

"ಆಟೋನ ಎಲ್ಲೂ ತಗಂಡೋಗ್‌ಬ್ಯಾಡಿ ಕಣ್ರಲಾ. ನಿಮ್ ಗಾಳಿ ಇಲ್ದಿರೋ ಟೈರ್ ಬಂದ್ಮ್ಯಾಲೇ ನನ್ ಗಾಳಿ ಕರ್ಚಾಯ್ತಿರೋದು."

ಪರೀಕ್ಷಕರು

ಕೊನೆಗೆ ಕಂಪನಿಗೆ ಒಪ್ಪಿಸುವ ಸ್ಯಾಂಪಲ್ ಪಂಜರ ತಯಾರಾಯಿತು. ಸೋಮವಾರ ಪರೀಕ್ಷೆ. ಅವ್ವನಿಗೆ ತೋರಿಸಿ, ದೇವರ ಮುಂದಿಟ್ಟು ತಗೊಂಡು ಹೋಗೋಣವೆಂದು ಕನಕಪುರದ ಕಡೆಯ ನಮ್ಮ ಹಳ್ಳಿಗೆ ತಂದೆ. ಭಾನುವಾರ ನೆಂಟರ ಮನೆಯ ಬೀಗರೂಟಕ್ಕೆ ಹೋಗಿ, ಹೊಟ್ಟೆ ತುಂಬಾ ತಿಂದು ಸಂಜೆ ಬಂದೆ. ದೇವರ ಮುಂದೆ ಪಂಜರವಿಲ್ಲ.

ಅದು ರೇಷ್ಮೆ ಹುಳುವಿನ ಕೋಣೆಯಲ್ಲಿತ್ತು. ಆ ದಿನವೇ ಹುಳ ಹಣ್ಣಾಗಿ ಗೂಡು ಕಟ್ಟಲು ತಲೆ ಎತ್ತಿದ್ದವು. ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆ ಸಾಲದೆ ಬಂದಿದೆ. ಬಳೆಯೊಳಗೆ ಸಾಲಾಗಿ ಸಂದು ಸಂದು ಇರುವ ನನ್ನ ಪಂಜರ ಕಂಡು, ಮಗ ಹೊಸಾ ನಮೂನೆ ಕಬ್ಬಿಣದ ಚಂದ್ರಿಕೆ ಮಾಡಿದ್ದಾನೆ ಎಂದುಕೊಂಡು ಅವ್ವ ಹಿಗ್ಗಿದ್ದಳು. ತುಕ್ಕು ಹಿಡಿಯದಿರಲೆಂದು ನಾವು ಹಚ್ಚಿದ್ದ ಎಣ್ಣೆಯ ವಾಸನೆ ಹುಳಕ್ಕೆ ಆಗುವುದಿಲ್ಲವೆಂದು ಸೋಪು ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಒಂದೊಂದು ಸಂದಿಗೂ ಹುಳ ಬಿಟ್ಟಿದ್ದಳು. ಎಲ್ಲ ಕಡೆ ಬಿಳಿ ನೂಲು ಎದ್ದಿತ್ತು. ನಾನು ತಲೆ ಹಿಡಿದುಕೊಂಡು ಕೂತೆ. ನಾಳೆ ಪರೀಕ್ಷೆ ಅವ್ವ, ತೆಗೆದುಬಿಡು ಎಂದು ಬೇಡಿಕೊಂಡೆ.

"ಗೂಡ್ ಕಟ್ಟೋ ಹುಳನ ಎಬ್ಬುಸ್ಬಾರ್ದು ಕಣ್ಲಾ ಮಗ. ಅವ್ರನ್ನೇ ಇಲ್ಲಿಗ್ ಬರಾಕ್ಕೇಳು."

ಬೇರೆ ದಾರಿಯಿಲ್ಲದೆ ಸಾಹೇಬರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಶೆಡ್ಡಿನ ಬೀಗ ನನ್ನ ಕಣ್ಣ ಮುಂದೆ ಬಂತು. ಆದರೆ ಅವರು, ಹುಳ ಗೂಡು ಕಟ್ಟುವುದನ್ನು ನಾನು ನೋಡಿಯೇ ಇಲ್ಲ, ನಾಳೆ ಬರುತ್ತೇನೆ ಎಂದರು.

ಬಂದರು. ಅವ್ವ ಕೊಟ್ಟ ಕಾಫಿ ಹಿಡಿದು ಪಂಜರದ ಸುತ್ತ ನಡೆದರು. ಸಂದು ಸಂದಿನಲ್ಲೂ ಗೂಡು. ಒಂದು ಪಟ್ಟಿಯ ಅಕ್ಕಪಕ್ಕ ಮಾತ್ರ ಖಾಲಿ. ಅಲ್ಲಿಗೂ ಬುಟ್ಟಿದ್ದೆ, ನಿಲ್ಲಾಕಿಲ್ಲ, ಹರ್ಕಂಡ್ ಹೊಂಟೋಯ್ತವೆ ಎಂದಳು ಅವ್ವ. ಸಾಹೇಬರು ಕಾಫಿ ಕೆಳಗಿಟ್ಟರು. ಆ ಪಟ್ಟಿಯ ವೆಲ್ಡಿಂಗನ್ನು ಕರವಸ್ತ್ರದಿಂದ ಒರೆಸಿ ಕಾದರು. ಎಣ್ಣೆ ಜಿನುಗಿತು. ಮತ್ತೆ ಒರೆಸಿದರು, ಮತ್ತೆ ಜಿನುಗಿತು. ವೆಲ್ಡಿಂಗಿನ ಒಳಗೆ ಕೂದಲೆಳೆಯಷ್ಟು ಬಿರುಕು. ಅದರೊಳಗೆ ಸೇರಿಕೊಂಡ ಎಣ್ಣೆ ಸೋಪಿಗೂ ಹೋಗಿರಲಿಲ್ಲ. ಸಾಹೇಬರು, ಕಂಪನಿಗೆ ಬಂದು ಭಾರ ಹೊತ್ತಿದ್ದರೆ ಮೊದಲ ಸುತ್ತಿಗೇ ಮುರಿದು, ಅಲ್ಲಿಗೆ ನಿಮ್ಮ ಕಥೆ ಮುಗಿಯುತ್ತಿತ್ತು, ಇದು ಮನೆಯಲ್ಲೇ ಸಿಕ್ಕಿತಲ್ಲ, ಇನ್ನೊಂದು ಮಾಡಿ ತನ್ನಿ ಎಂದರು. ಸಾಹೇಬರಿಗೆ ಕೈ ಮುಗಿದೆ, ಅವ್ವನಿಗೆ ಮುಗಿದೆ, ಹುಳಗಳಿಗೂ ಮುಗಿದೆ. ನಾಚಿಕೆಯೇನೂ ಆಗಲಿಲ್ಲ.

ಭಾಯಿ ಹಟ ಹಿಡಿದು ಎರಡನೇ ಪಂಜರ ಮಾಡಿದ. ಅದು ಪಾಸಾಯಿತು, ಆರ್ಡರು ಬಂತು, ಶೆಡ್ಡು ಉಳಿಯಿತು. ನಾನು ಸ್ವೀಟು ಹಿಡಿದು ಊರಿಗೆ ಓಡಿದೆ. ಅವ್ವ ಹೊಸ ಬೆಳೆಯ ಮರಿ ಹುಳಗಳಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಪಾಸಾಯ್ತು ಅವ್ವ ಎಂದು ಬಾಯಿಗೆ ಮೈಸೂರು ಪಾಕ್ ಇಡಲು ಹೋದರೆ, ಕೈ ತಡೆದು ಹುಳದ ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ನಮ್ ಹುಳ ಇನ್ನೂ ಸೊಪ್ ತಿಂತಾವೆ, ಗೂಡ್ ಕಟ್ಟಕ್ಕೆ ಬೇಜಾನ್ ದಿನ ಐತೆ. ಅಂಗಿದ್ ಮ್ಯಾಲೆ ಪಾಸ್ ಮಾಡ್ದೋರ್ ಯಾರ್ಲಾ?"