ಇಲ್ಲದ ತೂಕಯಂತ್ರಕ್ಕೆ, ಇರುವ ಡ್ರೈವರನ ಪರವಾಗಿ

ಹೊಸಪೇಟೆ, ಶ್ರಾವಣ ಮಾಸ, ೨೦೦೮

ಸಂಡೂರಿನ ಅದಿರು ಯಾರ್ಡಿನಲ್ಲಿ ಅಗೋಚರವಾಗಿ ನೆಲೆಸಿರುವ ವರ್ಚುವಲ್ ತೂಕಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮಗೆ ಕೈಕಾಲಿಲ್ಲ, ಕಬ್ಬಿಣವಿಲ್ಲ, ತಂತಿಯಿಲ್ಲ. ನಮ್ಮೂರಿನಲ್ಲಿ ಇಡ್ಲಿಯ ಮೇಲೂ ಬಂದು ಕೂರುವ ಕೆಂಪು ಧೂಳಿಗೆ ತಮ್ಮ ಮೇಲೆ ಕೂರೋಣವೆಂದರೆ ತಮಗೊಂದು ಮೈಯೇ ಇಲ್ಲ. ಇಂಥವರಿಗೆ ಅಕ್ಷೇಮ ಹೇಗಾದೀತು? ಆದಕಾರಣ ಕುಶಲ ವಿಚಾರಣೆಯನ್ನು ಇಲ್ಲಿಗೇ ನಿಲ್ಲಿಸಿ, ತಮ್ಮ ಡ್ರೈವರನ್ನು ಬರೆದ ತ್ರಿವೇಣಿಯಾದ ನಾನು, ತಮ್ಮ ಮೇಲೊಂದು ದೂರನ್ನು ತಮಗೇ ಸಲ್ಲಿಸುತ್ತಿದ್ದೇನೆ. ಬೇರೆಯವರಿಗೆ ಸಲ್ಲಿಸಿದರೆ ಅವರು ನನ್ನನ್ನು ಬಿಟ್ಟು ತಮ್ಮ ಮಾತನ್ನೇ ನಂಬುತ್ತಾರೆ.

ಓದುವ ಸಾರ್ವಜನಿಕರಿಗಾಗಿ ತಮ್ಮ ಜನ್ಮವೃತ್ತಾಂತವನ್ನು ಸ್ವಲ್ಪ ಹೇಳಬೇಕಾಗಿದೆ, ಕ್ಷಮಿಸಬೇಕು. ಯಾರ್ಡಿನಲ್ಲಿ ಲಾರಿ ತೂಗುವ ಕಾಟಾ ಹಲವಿದ್ದವು, ಒಂದೊಂದಕ್ಕೂ ಒಂದೊಂದು ಕಂಪ್ಯೂಟರ್ ಇತ್ತು, ಮತ್ತು ಅವೆಲ್ಲ ಧೂಳು ಕುಡಿದು ಸರದಿಯಂತೆ ಸಾಯುತ್ತಿದ್ದವು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದು, ಅದಿರಿನ ಕಾಲ ಬಂದ ಮೇಲೆ ಲಾರಿ, ಕಾಟಾ, ಕಂಪ್ಯೂಟರ್ ಎಲ್ಲಕ್ಕೂ ಕೈ ಹಾಕಿದ ನಮ್ಮ ಮಾಲೀಕರಾದ ಕೊಟ್ರಬಸಪ್ಪನವರು ಒಂದು ದಿನ ನನ್ನನ್ನು ಕರೆದು, "ಎಲ್ಲಾ ಕಂಪ್ಯೂಟರ್‌ನೂ ಒಂದರಾಗ ತುಂಬಿ ಏಸಿ ರೂಮಿನ್ಯಾಗ ಇಟ್ಟುಬಿಡವಾ. ಧೂಳಿಗೆ ಸಿಗಬಾರ್ದು ನೋಡು" ಎಂದರು. ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಹಲವು ನಕಲಿ ಕಂಪ್ಯೂಟರುಗಳನ್ನು ಸಾಕುವ ಈ ವಿದ್ಯೆ ಅಸಾಧ್ಯದ್ದೇನಲ್ಲ. ತೊಡಕಿದ್ದುದು ಕಾಟಾದ ಹಳೆಯ ಪ್ರೋಗ್ರಾಮಿನಲ್ಲಿ. ಕಾಟಾದ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುವ, ಈಗ ಯಾರೂ ತಯಾರಿಸದ ಒಂದು ಕಾರ್ಡು ಕಣ್ಣಿಗೆ ಬಿದ್ದರೆ ಮಾತ್ರ ಅದು ಬಾಯಿ ಬಿಡುತ್ತಿತ್ತು. ಹಾಗಾಗಿ ಇಲ್ಲದ ಕಾರ್ಡೊಂದನ್ನು ಇದೆಯೆಂದು ಅದಕ್ಕೆ ತೋರಿಸಬೇಕಾಯಿತು. ಆ ಇಲ್ಲದ ಕಾರ್ಡು, ಅದರ ಹಿಂದಿನ ಇಲ್ಲದ ತೂಕಯಂತ್ರ, ಎರಡೂ ತಾವೇ.

ತಮಗೊಂದು ಡ್ರೈವರ್ ಬೇಕಿತ್ತು. ಇದು ಸ್ಟೇರಿಂಗ್ ಹಿಡಿಯುವ ಡ್ರೈವರ್ ಅಲ್ಲ. ಆಪರೇಟಿಂಗ್ ಸಿಸ್ಟಮ್ಮಿನ ಗರ್ಭಗುಡಿಯಂತಿರುವ ಕರ್ನಲ್ಲಿನಲ್ಲಿ ಕೂತು ಯಂತ್ರದ ಮಾತನ್ನು ಕಂಪ್ಯೂಟರಿಗೆ ಅರ್ಥಮಾಡಿಸುವ ದುಭಾಷಿ. ನಾನದನ್ನು ಎರಡು ಪಾಲು ಮಾಡಿ ಕಟ್ಟಿದೆ. ಮುಂದಿನ ಪಾಲು ನಕಲಿ ಕಂಪ್ಯೂಟರಿನ ಕರ್ನಲ್ಲಿನಲ್ಲಿ ಕೂತು "ತೂಕವೆಷ್ಟು?" ಎಂದು ಕೇಳುತ್ತದೆ, ಹಿಂದಿನ ಪಾಲು ನಿಜವಾದ ಕಂಪ್ಯೂಟರಿನಲ್ಲಿ ಕೂತು, ತಂತಿಯ ತುದಿಯ ಕಾಟಾವನ್ನು ಕೇಳಿ ಉತ್ತರ ತರುತ್ತದೆ. ತಂತಿ ಕಡಿದು ಕಾಟಾ ಸುಮ್ಮನಾದರೆ ಹಿಂದಿನ ಪಾಲು "ಉತ್ತರವಿಲ್ಲ" ಎನ್ನಬೇಕು, ಮುಂದಿನ ಪಾಲು ಅದನ್ನು ಹಾಗೆಯೇ ಪರದೆಗೆ ಮುಟ್ಟಿಸಬೇಕು. ನಕಲಿ ಯಂತ್ರಕ್ಕೆ ನಾನು ಕಲಿಸಿದ ಏಕೈಕ ಮರ್ಯಾದೆ ಇದು.

ಮರ್ಯಾದೆಯಿಂದ ಲಾರಿ ಮುಂದೆ ಹೋಗುವುದಿಲ್ಲ ಎಂಬುದು ಬೇಗನೆ ತಿಳಿಯಿತು. ಜೆಸಿಬಿಗಳು ದಿನಬೆಳಗಾದರೆ ನೆಲ ಕೆರೆದು ತಂತಿ ಕಡಿಯುತ್ತಿದ್ದವು, ತಾವು "ಉತ್ತರವಿಲ್ಲ" ಎನ್ನುತ್ತಿದ್ದಿರಿ, ಲಾರಿಗಳ ಸಾಲು ಯಾರ್ಡು ದಾಟಿ ರಸ್ತೆಗಿಳಿಯುತ್ತಿತ್ತು. ಕೊಟ್ರಬಸಪ್ಪನವರು ಸಿಡುಕಿದರು: "ಉತ್ತರ ಇಲ್ಲ ಅನ್ನಾಕ ಮಷಿನ್ ಯಾಕ ಬೇಕವಾ? ಅದಕ್ಕ ನಮ್ಮ ಗುಮಾಸ್ತ ಸಾಕು. ಏನರ ಒಂದು ನಂಬರ್ ಹೇಳಿಸು." ನಾನು ಆಗುವುದಿಲ್ಲವೆಂದೆ. ಆಗುತ್ತದೆ ಎನ್ನುವ ಸಹೋದ್ಯೋಗಿ ವೆಂಕಟೇಶ್ ಪಕ್ಕದ ಕುರ್ಚಿಯಲ್ಲೇ ಇದ್ದ. ಅವನು ಹಿಂದಿನ ಪಾಲನ್ನು ತಿದ್ದಿದ. ಅಂದಿನಿಂದ ಕಾಟಾ ಸುಮ್ಮನಾದರೆ ತಾವು ಕಡೆಯ ಬಾರಿ ತೂಗಿದ ಸಂಖ್ಯೆಯನ್ನೇ ಹೇಳತೊಡಗಿದಿರಿ. ಅದೂ ಸಹಜವಾಗಿ ಕಾಣಲೆಂದು ಅಷ್ಟಿಷ್ಟು ಏರಿಸಿ ಇಳಿಸಿ, ಆದರೆ ಕಾನೂನಿನ ಮಿತಿಯನ್ನು ಎಂದೂ ಮೀರದ ಸಂಸ್ಕಾರದಿಂದ. ಇಡೀ ಸಂಡೂರಿನಲ್ಲಿ ಆಗ ಮಿತಿಯೊಳಗೆ ಬಾಳುತ್ತಿದ್ದವರು ತಾವೊಬ್ಬರೇ ಎಂದು ಕಾಣುತ್ತದೆ. ಸಾಲು ಕರಗಿತು. ಕೊಟ್ರಬಸಪ್ಪನವರು ಆಫೀಸಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದರು. ನಾನು ತಿನ್ನಲಿಲ್ಲ, ಅದರಿಂದ ಮಿರ್ಚಿಗೇನೂ ನಷ್ಟವಾಗಲಿಲ್ಲ.

ಇಷ್ಟರಲ್ಲಿ ಮಲಪನಗುಡಿಯ ಜಡೆಪ್ಪ ಎಂಬ ಲಾರಿ ಡ್ರೈವರು ತಮ್ಮ ದರ್ಶನಕ್ಕೆ ಬಂದರು. ಅಂದು ಬೆಳಿಗ್ಗೆಯೇ ತಂತಿ ಕಡಿದಿತ್ತು. ಅದಿರು ಲಾರಿಯ ಅಂಚು ಮೀರಿ ಗುಡ್ಡೆಯಾಗಿತ್ತು. "ಗಾಡಿ ಭಾಳ ಭಾರ ಆಗೇತ್ರಿ, ಇನ್ನೊಮ್ಮೆ ತೂಗ್ರಿ" ಎಂದು ಅವರು ಕೇಳಿಕೊಂಡದ್ದು ನಿಜ. "ಕಂಪ್ಯೂಟರ್ ಬರೋಬ್ಬರಿ ಐತಿ ಅಂತೈತಿ, ನಿಂದೇನಲೇ? ಜಲ್ದಿ ಹೊಂಡು" ಎಂದು ಗುಮಾಸ್ತ ಗದರಿದ್ದೂ ನಿಜ. ಘಾಟಿಯ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಎದುರಿಗೆ ಕೂಲಿ ಹೆಣ್ಣುಮಕ್ಕಳು ತುಂಬಿದ್ದ ಟೆಂಪೋ ಬರುತ್ತಿತ್ತು. ಜಡೆಪ್ಪನವರು ಲಾರಿಯನ್ನು ಪಕ್ಕದ ಗುಡ್ಡಕ್ಕೆ ಗುದ್ದಿಸಿದರು. ಟೆಂಪೋದ ಹೆಣ್ಣುಮಕ್ಕಳೇ ಇಳಿದು ಓಡಿಬಂದು ಕ್ಯಾಬಿನ್ನಿನಿಂದ ಅವರನ್ನು ಎಳೆದು ತೆಗೆದರು. ಜೀವ ಉಳಿಯಿತು, ಬಲಗಾಲಿನ ಮೊಣಕಾಲು ಉಳಿಯಲಿಲ್ಲ.

ಮೊದಲ ವರದಿ ಬಂತು: ಲೋಡು ಮಿತಿಯೊಳಗಿತ್ತು, ಅಪಘಾತಕ್ಕೆ ಡ್ರೈವರನ ತಪ್ಪೇ ಕಾರಣ. ಮಾನ್ಯರೇ, ಸರ್ಕಾರಿ ವರದಿಯಲ್ಲಿ ಇಷ್ಟು ಅಪ್ಪಟ ಸತ್ಯವನ್ನು ನಾನು ಓದಿದ್ದು ಅದೇ ಮೊದಲು. ಡ್ರೈವರನ ತಪ್ಪೇ ಹೌದು. ಯಾವ ಡ್ರೈವರು ಎಂದು ಕೇಳುವ ಪದ್ಧತಿ ಮಾತ್ರ ಇರಲಿಲ್ಲ. ಜಡೆಪ್ಪನವರ ಲೈಸೆನ್ಸ್ ಕಿತ್ತುಕೊಂಡು, ಮೇಲೊಂದು ಕೇಸು ಹಾಕಿದರು.

ಅವರ ಹೆಂಡತಿ ಉಚ್ಚೆಂಗಮ್ಮ ನಮ್ಮ ಆಫೀಸಿಗೆ ಬಂದರು. ಕುಂದ್ರಿ ಎಂದರೆ ಕೂರಲಿಲ್ಲ. "ಯವ್ವಾ, ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲ ಅಂತಾರ ಎಲ್ರೂ. ಹಂಗಾರ ನನ್ನ ಗಂಡ ಸುಳ್ಳ ಹೇಳ್ತಾನೇನು? ಆಸ್ಪತ್ರ್ಯಾಗ ಮಕ್ಕೊಂಡು ಅದನ್ನ ಕೇಳ್ತಾನ, ನಂದಾ ತಪ್ಪೇನು ಅಂತ. ಏನು ಹೇಳ್ಲಿ ಅವಗ?" ಎಂದರು. ವೆಂಕಟೇಶ್ ಎದ್ದು ನೀರು ಕುಡಿಯಲು ಹೋದವನು ತಿರುಗಿ ಬರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿ ತನ್ನನ್ನೇ ಅನುಮಾನಿಸಿಕೊಳ್ಳುವ ಮನುಷ್ಯ ಒಂದು ಕಡೆ. ಯಾವ ಅನುಮಾನವೂ ಇಲ್ಲದೆ ತಣ್ಣನೆಯ ಕೋಣೆಯಲ್ಲಿ ಮಿನುಗುವ ತಾವು ಒಂದು ಕಡೆ. ತನಿಖೆಯ ಅಧಿಕಾರಿಗಳಿಗೆ ಅಂದೇ ಫೋನು ಮಾಡಿ, ಯಾರ್ಡಿಗೊಮ್ಮೆ ಬಂದು ಕಣ್ಣಾರೆ ನೋಡಿ ಎಂದು ಬೇಡಿಕೊಂಡೆ.

ಅವರು ಬಂದರು. ಕೊಟ್ರಬಸಪ್ಪನವರೂ ಬಂದರು, ಉಚ್ಚೆಂಗಮ್ಮನವರು ಬಾಗಿಲ ಬಳಿ ನಿಂತರು. ಲಾರಿಯೊಂದನ್ನು ಕಾಟಾದ ಮೇಲೆ ನಿಲ್ಲಿಸಿ ತೂಗಿದರು, ತಾವು ಸರಿಯಾಗಿಯೇ ಹೇಳಿದಿರಿ. ಆಮೇಲೆ ನಾನು ಕಾಟಾದ ತಂತಿಯನ್ನು ಕಿತ್ತು ಅಧಿಕಾರಿಗಳ ಕೈಗೇ ಕೊಟ್ಟು, ಲಾರಿಯನ್ನು ಆಚೆ ಕಳಿಸಿದೆ. ಖಾಲಿ ಕಾಟಾದ ಮೇಲೆ ಯಾರ್ಡಿನ ಬಡಕಲು ನಾಯಿಯೊಂದು ಬಂದು ನಿಂತು ಕಿವಿ ಕೆರೆದುಕೊಂಡಿತು. ತಾವು ಪರದೆಯ ಮೇಲೆ ತುಂಬಿದ ಲಾರಿಯ ತೂಕವನ್ನು, ಅಷ್ಟಿಷ್ಟು ಏರಿಸಿ ಇಳಿಸಿ, ಅದೆಷ್ಟು ನಿಷ್ಠೆಯಿಂದ ತೋರಿಸಿದಿರಿ! ಅಧಿಕಾರಿಗಳು ಕೈಯಲ್ಲಿದ್ದ ತಂತಿಯನ್ನು ನೋಡಿದರು, ನಾಯಿಯನ್ನು ನೋಡಿದರು, ಕೊನೆಗೆ, "ಏನ್ರೀ ಕೊಟ್ರಬಸಪ್ನೋರ, ನಾಯಿಗೆ ಏನು ಹಾಕ್ತೀರಿ ನೀವು?" ಎಂದರು. ಉಚ್ಚೆಂಗಮ್ಮ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತರು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಮರುದಿನ ಮಾಲೀಕರು ನನ್ನನ್ನು ಕೆಲಸದಿಂದ ತೆಗೆದರು. ತಾವು ಬಾಯಿ ಸರಿಮಾಡಿಕೊಳ್ಳುವ ತನಕ ಯಾರ್ಡಿನಲ್ಲಿ ತೂಕವೇ ನಡೆಯಕೂಡದೆಂದು ಇಲಾಖೆಯ ಆದೇಶ ಬಂತು. ವೆಂಕಟೇಶ್ ಕೈಚೆಲ್ಲಿದ ಮೇಲೆ ಕೊಟ್ರಬಸಪ್ಪನವರು ಮನೆಗೇ ಬಂದು, "ಸಿಟ್ಟು ಬ್ಯಾಡವಾ, ನಿನ್ನ ಹಳೇದನ್ನ ಹಾಕಿಕೊಡು" ಎಂದರು. ಎರಡು ಮಾತಿಗೆ ಒಪ್ಪಿಸಿ ಹೋದೆ: ನನ್ನ ಡ್ರೈವರನ್ನು ಇನ್ನು ಯಾರೂ ಮುಟ್ಟಕೂಡದು, ಕೇಸು ವಜಾ ಆಗಿ ಲೈಸೆನ್ಸ್ ಮರಳಿದರೂ ಕ್ಲಚ್ಚು ತುಳಿಯಬಲ್ಲ ಜಡೆಪ್ಪನವರಿಗೆ ಬ್ರೇಕು ತುಳಿಯಲಾಗದು, ಆದ್ದರಿಂದ ಕಾಟಾದ ಕ್ಯಾಬಿನ್ನಿನಲ್ಲಿ ಅವರಿಗೊಂದು ಕುರ್ಚಿ.

ತಮ್ಮಲ್ಲಿ ನನ್ನ ಬಿನ್ನಹಗಳು ಅಲ್ಪ. ತಾವು ಒಂದು ದಿನದ ಮಟ್ಟಿಗೆ ಮೈ ಧರಿಸಿ, ಘಾಟಿಯ ತಿರುವಿನಲ್ಲಿ ನಿಂತು, ತಾವು ಹರಸಿ ಕಳಿಸಿದ ಲಾರಿಯೊಂದನ್ನು ಬೆನ್ನು ಕೊಟ್ಟು ತಡೆದು ತೋರಿಸಬೇಕು. ಅದು ಕಷ್ಟವಾದರೆ ಒಂದು ಮೊಣಕಾಲನ್ನು, ವರ್ಚುವಲ್ ಆದರೂ ಅಡ್ಡಿಯಿಲ್ಲ, ಕಳಿಸಿಕೊಡಬೇಕು. ಅದೂ ಆಗದಿದ್ದರೆ ಜಡೆಪ್ಪನವರಿಂದ ಪಾಠ ಹೇಳಿಸಿಕೊಳ್ಳಬೇಕು. ಅವರು ಈಗ ಪ್ರತಿ ತೂಕಕ್ಕೂ ಮೊದಲು ಕುರ್ಚಿಯ ತೋಳು ಹಿಡಿದು ಎದ್ದು, ಕಿಟಕಿಯಿಂದ ಕತ್ತು ಹೊರಚಾಚಿ, "ಐತ್ರೀ, ಗಾಡಿ ಐತಿ" ಎಂದು ಕೂಗುತ್ತಾರೆ. ಗುಮಾಸ್ತ ಆಮೇಲೆಯೇ ಗುಂಡಿ ಒತ್ತುತ್ತಾನೆ.

ಕರ್ನಲ್ಲಿನ ಈಚೆ ಬದಿಯಿಂದ,
ತಮ್ಮ ವಿಶ್ವಾಸಿ, ತಮ್ಮಲ್ಲಿ ವಿಶ್ವಾಸವಿಲ್ಲದ,
ತ್ರಿವೇಣಿ

ವಿ.ಸೂ.: ತಪ್ಪಿತಸ್ಥ ಯಂತ್ರವು ಖುದ್ದಾಗಿ ಹಾಜರಾಗಬೇಕೆಂದು ಇಲಾಖೆಯವರು ತಮ್ಮ ಹೆಸರಿಗೆ ನೋಟಿಸು ಹೊರಡಿಸಿದ್ದಾರೆ. ಅಂಚೆಯವರು ಏಸಿ ಕೋಣೆಯನ್ನೆಲ್ಲ ಹುಡುಕಿ, "ವಿಳಾಸದಾರರು ಊರಲ್ಲಿಲ್ಲ" ಎಂದು ಬರೆದು ಹಿಂದಿರುಗಿಸಿದ್ದಾರೆ. ತಾವು ತಲೆಮರೆಸಿಕೊಂಡಿದ್ದೀರೆಂದು ಈಗ ಪೊಲೀಸರು ಕೊಟ್ರಬಸಪ್ಪನವರ ಬಳಿ ತಮ್ಮ ಫೋಟೋ ಕೇಳುತ್ತಿದ್ದಾರೆ.